30 ಕಿಲೋವ್ಯಾಟ್ ಸೋಲಾರ್ ಇದೆ, ಈಗ 22 ಲಕ್ಷದ ಬ್ಯಾಟರಿ ಬೇಕಾ? (84 ಮನೆಗಳ ಅಪಾರ್ಟ್‌ಮೆಂಟ್)

ಸಂಪಿನ_ಕಾವಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಕನಕಪುರ ರಸ್ತೆ ಕಡೆ 84 ಮನೆಗಳ ಅಪಾರ್ಟ್‌ಮೆಂಟ್. ಎರಡು ಬ್ಲಾಕ್, ಏಳು ಮಹಡಿ, ನಾಲ್ಕು ಲಿಫ್ಟ್. ಈ ವರ್ಷ ಸಂಘದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಿದ್ದಿದೆ. ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ನಾನು ಕಾಫಿ ತರೋಣ ಅಂತ ಎದ್ದೆ, ಚಪ್ಪಾಳೆ ಬಿತ್ತು, ಆಯ್ಕೆ ಆಯ್ತು.

ವಿಷಯ ಇದು. ಟೆರೇಸ್ ಮೇಲೆ 30 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಒಂದು ವರ್ಷ ಆಯ್ತು. ನೆಟ್ ಮೀಟರ್ ಇದೆ. ದಿನಕ್ಕೆ ಸರಾಸರಿ 120 ಯೂನಿಟ್ ಬರುತ್ತದೆ. ಎಲ್ಲಾ ಕಾಮನ್ ಮೀಟರ್‌ಗೇ ಹೋಗುತ್ತದೆ: ಲಿಫ್ಟ್, ಪಂಪು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ), ಕಾರಿಡಾರ್ ದೀಪ. ಆದರೂ ಕರೆಂಟ್ ಹೋದರೆ ಜನರೇಟರ್ ಹಚ್ಚುತ್ತೇವೆ. ಮೇಲೆ ಬಿಸಿಲು ಸುಡುತ್ತಿರುತ್ತದೆ, ಕೆಳಗೆ ಡೀಸೆಲ್ ಉರಿಯುತ್ತಿರುತ್ತದೆ. ಜನ ಕೇಳುತ್ತಾರೆ, "ಇಷ್ಟು ದುಡ್ಡು ಹಾಕಿ ಏನು ಬಂತು?"

ಸೋಲಾರ್ ಹಾಕಿದ ಕಂಪನಿಯವರೇ ಈಗ 100 ಯೂನಿಟ್ ಹಿಡಿಯೋ ಲಿಥಿಯಂ ಬ್ಯಾಟರಿಗೆ ಕೊಟೇಶನ್ ಕೊಟ್ಟಿದ್ದಾರೆ. ಹೈಬ್ರಿಡ್ ಇನ್ವರ್ಟರ್ ಸೇರಿ 22 ಲಕ್ಷ. "ಜನರೇಟರ್ ಮಾರಿಬಿಡಿ ಸರ್" ಅಂದರು. ಮನೆಗೆ 26 ಸಾವಿರದ ಮೇಲೆ ಬೀಳುತ್ತದೆ. ಹಾಕಿಸಬಹುದಾ? ಹಾಕಿಸಿದವರು ಯಾರಾದರೂ ಇದ್ದೀರಾ?

ಬಿಲ್_ನೋಡಿ_ಬೆವರಿದವ

ಸರ್, ಮೊದಲು ಒಂದು ಪ್ರಶ್ನೆ. ಬ್ಯಾಟರಿ ಯಾಕೆ ಬೇಕು? ಬಿಲ್ ಉಳಿಸೋಕಾ, ಡೀಸೆಲ್ ಉಳಿಸೋಕಾ? ಎರಡೂ ಬೇರೆ ಬೇರೆ ಲೆಕ್ಕ.

ಬಿಲ್ ಉಳಿಸೋಕೆ ಅಂದ್ರೆ ಬೇಡವೇ ಬೇಡ. ನೆಟ್ ಮೀಟರ್ ಇರುವವರಿಗೆ ಗ್ರಿಡ್ಡೇ ಬ್ಯಾಟರಿ. ಮಧ್ಯಾಹ್ನ ಒಂದು ಯೂನಿಟ್ ಆಚೆ ಕೊಟ್ಟಿರಿ, ರಾತ್ರಿ ಒಂದು ವಾಪಸ್ ತಗೊಂಡಿರಿ, ಲೆಕ್ಕ ಚುಕ್ತಾ. ಅದನ್ನೇ ನಿಮ್ಮ ಬ್ಯಾಟರಿಗೆ ತುಂಬಿ ತೆಗೆದರೆ ನೂರಕ್ಕೆ ಹತ್ತು ದಾರಿಯಲ್ಲೇ ಸೋರಿ ಹೋಗುತ್ತದೆ. ಅಂದ್ರೆ 22 ಲಕ್ಷ ಕೊಟ್ಟು ನಷ್ಟ ಮಾಡಿಕೊಂಡ ಹಾಗೆ.

ಡೀಸೆಲ್ ಉಳಿಸೋಕೆ ಅಂದ್ರೆ ಜನರೇಟರ್ ಲಾಗ್ ಪುಸ್ತಕ ತೆಗೀರಿ. ಎಷ್ಟು ಗಂಟೆ ಓಡಿದೆ, ಎಷ್ಟು ಲೀಟರ್ ಕುಡಿದಿದೆ, ಎಷ್ಟು ಯೂನಿಟ್ ಕೊಟ್ಟಿದೆ. ಆಮೇಲೆ ಮಾತಾಡೋಣ.

ಸಂಪಿನ_ಕಾವಲು

ಪುಸ್ತಕ ಸಿಕ್ಕಿತು. ಸೆಕ್ಯುರಿಟಿ ರೂಮಿನಲ್ಲಿ ಛತ್ರಿ ಕೆಳಗೆ ಇತ್ತು. ಏಪ್ರಿಲ್, ಮೇ ಎರಡು ತಿಂಗಳು ನಮಗೆ ತುಂಬಾ ಕೆಟ್ಟದ್ದು. 62 ಗಂಟೆ ಓಡಿದೆ, 310 ಲೀಟರ್ ಡೀಸೆಲ್. ಜನರೇಟರ್ ಪ್ಯಾನಲ್ ಮೀಟರ್ ಪ್ರಕಾರ 744 ಯೂನಿಟ್. ವರ್ಷಕ್ಕೆ ಹೆಚ್ಚುಕಡಿಮೆ ಸಾವಿರ ಲೀಟರ್ ಆಗುತ್ತದೆ. ಅತಿ ಉದ್ದ ಕರೆಂಟ್ ಹೋಗಿದ್ದು ಒಂದು ಮಳೆ ದಿನ, 3 ಗಂಟೆ 20 ನಿಮಿಷ.

ಬಿಲ್_ನೋಡಿ_ಬೆವರಿದವ

ಈಗ ನೋಡಿ. 744 ಭಾಗಿಸು 310, ಲೀಟರ್‌ಗೆ 2.4 ಯೂನಿಟ್. ಒಳ್ಳೆ ಲೋಡ್ ಇದ್ದರೆ ಜನರೇಟರ್ 3ರಿಂದ 3.5 ಯೂನಿಟ್ ಕೊಡಬೇಕು. ನಿಮ್ಮದು ದೊಡ್ಡ ಎಂಜಿನ್, ಸಣ್ಣ ಕೆಲಸ. ಮದುವೆ ಕಡಾಯಿಯಲ್ಲಿ ಇಬ್ಬರಿಗೆ ಉಪ್ಪಿಟ್ಟು ಮಾಡಿದ ಹಾಗೆ. ಡೀಸೆಲ್ ಲೀಟರ್‌ಗೆ 90ರ ಮೇಲೆ. ಯೂನಿಟ್‌ಗೆ 38 ರೂಪಾಯಿ ಬಿತ್ತು. ದುಬಾರಿ, ಒಪ್ಪುತ್ತೇನೆ.

ಆದರೆ ಬ್ಯಾಟರಿ? ವರ್ಷಕ್ಕೆ ಸಾವಿರ ಲೀಟರ್ ಅಂದ್ರೆ 2,400 ಯೂನಿಟ್. ಹತ್ತು ವರ್ಷಕ್ಕೆ 24 ಸಾವಿರ. 22 ಲಕ್ಷವನ್ನು 24 ಸಾವಿರದಿಂದ ಭಾಗಿಸಿ. ಯೂನಿಟ್‌ಗೆ 91 ರೂಪಾಯಿ ಚಿಲ್ಲರೆ! ಡೀಸೆಲ್‌ಗಿಂತ ಎರಡೂವರೆ ಪಟ್ಟು.

ಕಂಪನಿಯವರು ನಿಮಗೆ ಬೇರೆ ಲೆಕ್ಕ ತೋರಿಸಿರುತ್ತಾರೆ. ದಿನಾ ಪೂರ್ತಿ ತುಂಬಿ, ಪೂರ್ತಿ ಖಾಲಿ ಮಾಡಿದರೆ ಯೂನಿಟ್‌ಗೆ ಆರೋ ಏಳೋ ರೂಪಾಯಿ ಬರುತ್ತದೆ ಅಂತ. ಹೌದು, ಬರುತ್ತದೆ. ಆದರೆ ದಿನಾ ಖಾಲಿ ಮಾಡೋಕೆ ನಿಮಗೆ ಕಾರಣವೇ ಇಲ್ಲ. ಬ್ಯಾಟರಿ ಸುಮ್ನೆ ಕೂತಷ್ಟೂ ಅದರ ಯೂನಿಟ್ ದುಬಾರಿ.

ಹಳೇ_ಮೀಟರ್

ನಾನು ವಿದ್ಯುತ್ ಇಲಾಖೆಯಲ್ಲಿ 31 ವರ್ಷ ಇದ್ದು ನಿವೃತ್ತಿ ಆದವನು. ಮೊದಲು "ಮೇಲೆ ಬಿಸಿಲು, ಕೆಳಗೆ ಡೀಸೆಲ್" ವಿಷಯ. ಅದು ನಿಮ್ಮ ಸೋಲಾರ್‌ನ ತಪ್ಪಲ್ಲ. ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್, ಲೈನ್ ಸತ್ತ ಕೂಡಲೇ ತಾನೂ ನಿಲ್ಲಬೇಕು. ಅದು ನಿಯಮ. ಕಂಬದ ಮೇಲೆ ನಮ್ಮ ಹುಡುಗ ಲೈನ್ ಸತ್ತಿದೆ ಅಂದುಕೊಂಡು ತಂತಿ ಹಿಡಿದಿರುತ್ತಾನೆ. ನಿಮ್ಮ ಟೆರೇಸಿನಿಂದ ಕರೆಂಟ್ ಹಿಂದಕ್ಕೆ ಹರಿದರೆ ಅವನ ಕಥೆ ಏನು? ಹೈಬ್ರಿಡ್ ಇನ್ವರ್ಟರ್ ಆದರೆ ನಿಮ್ಮ ಕಟ್ಟಡವನ್ನು ಲೈನಿನಿಂದ ಬಿಡಿಸಿಕೊಂಡು ಒಳಗೆ ಮಾತ್ರ ನಡೆಸುತ್ತದೆ.

ಎರಡನೇದು. ಬ್ಯಾಟರಿ ಅಳತೆ ಮಾಡೋಕೆ ಮೊದಲು ಲೋಡ್ ಅಳತೆ ಮಾಡಿ. ಒಂದು ವಾರ, ಪ್ರತಿ ಗಂಟೆಗೆ ಕಾಮನ್ ಮೀಟರ್ ಓದಿ ಬರೆದಿಡಿ. ಅದರಲ್ಲಿ ಕಿಲೋವ್ಯಾಟ್ ತೋರಿಸೋ ಪುಟ ಇದೆ, ಬಟನ್ ಒತ್ತಿದರೆ ಬರುತ್ತದೆ. ಯಾವ ಹೊತ್ತಿಗೆ ಏನು ಓಡುತ್ತಿತ್ತು ಅಂತಲೂ ಪಕ್ಕದಲ್ಲಿ ಬರೀರಿ. ಆಪು, ಸೆನ್ಸರು ಏನೂ ಬೇಡ. ಪೆನ್ನು ಸಾಕು.

ಪಾವಗಡದ_ಬಿಸಿಲು

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ತಾಲ್ಲೂಕಿನಲ್ಲಿ ಸುಮಾರು 13 ಸಾವಿರ ಎಕರೆ ಮೇಲೆ ಪ್ಯಾನಲ್ ಹಾಸಿದೆ. 2,050 ಮೆಗಾವ್ಯಾಟ್. ತಿರುಮಣಿ, ವಳ್ಳೂರು ಕಡೆ ಹೋದರೆ ಕಣ್ಣು ಹಾಯುವವರೆಗೂ ನೀಲಿ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ. ಇಷ್ಟೆಲ್ಲಾ ಇದ್ದೂ ಸಂಜೆ ದೀಪ ಹಚ್ಚೋ ಹೊತ್ತಿಗೆ ಅದರ ಕೊಡುಗೆ ಸೊನ್ನೆ. ಆಗಲೇ ಬೆಂಗಳೂರಿನವರು ಮನೆಗೆ ಬಂದು ಎಲ್ಲಾ ಸ್ವಿಚ್ ಒಟ್ಟಿಗೆ ಒತ್ತೋದು. "ನೆಟ್ ಮೀಟರ್ ಇದೆ, ಗ್ರಿಡ್ಡೇ ಬ್ಯಾಟರಿ" ಅನ್ನೋದು ಬಿಲ್‌ನಲ್ಲಿ ಸರಿ. ಗ್ರಿಡ್ ಹತ್ತಿರ ನಿಜವಾಗಿ ಅಷ್ಟು ದೊಡ್ಡ ಬ್ಯಾಟರಿ ಇಲ್ಲ.

ಶರಾವತಿ_ದಡ

ಇಲ್ಲ ಅಂತಲೇ ನಮ್ಮ ಕಣಿವೆ ಮೇಲೆ ಕಣ್ಣು ಬಿದ್ದಿರೋದು. ತಲಕಳಲೆಗೂ ಗೇರುಸೊಪ್ಪೆಗೂ ನಡುವೆ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಅಂತೆ. ಕರೆಂಟ್ ಜಾಸ್ತಿ ಇದ್ದಾಗ ಕೆಳಗಿನ ನೀರು ಮೇಲಕ್ಕೆ ಹತ್ತಿಸೋದು, ಬೇಕಾದಾಗ ಕೆಳಗೆ ಬಿಡೋದು. ಗುಡ್ಡದೊಳಗೆ ಸುರಂಗ. ಸಿಂಗಳೀಕ ಇರುವ ಅಭಯಾರಣ್ಯ ಅದು.

ಲಿಂಗನಮಕ್ಕಿಗೆ ಮುಳುಗಿ ಎದ್ದು ಬಂದ ಮನೆಯವರು ನಾವು. 1964ರಲ್ಲಿ ಅಣೆಕಟ್ಟು ಮುಗಿಯಿತು, ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಅಲೆಯುವವರಿದ್ದಾರೆ. ನೀವು ಸಂಜೆ 7ಕ್ಕೆ ಪಂಪು ಹಾಕೋದನ್ನ ಮಧ್ಯಾಹ್ನಕ್ಕೆ ತಳ್ಳಿದರೆ ಎಷ್ಟು ಉಳಿಯುತ್ತದೆ ಅಂತ ಸುಮ್ನೆ ಒಂದು ಸಲ ನೋಡಿ ಅಂತ ಕೇಳೋಕೆ ಬಂದೆ. ಜಗಳಕ್ಕಲ್ಲ.

ಸಂಪಿನ_ಕಾವಲು

ಒಂದು ವಾರ ಬರೆದೆವು. ಹಗಲು ನಾನು, ರಾತ್ರಿ ಸೆಕ್ಯುರಿಟಿಯವರು. ಜಾಸ್ತಿ ಲೋಡ್ ಬಂದಿದ್ದು ಬುಧವಾರ ಸಂಜೆ 7.40ಕ್ಕೆ, 44 ಕಿಲೋವ್ಯಾಟ್. ನಮ್ಮ ಮಂಜೂರಾದ ಲೋಡ್ 50. ಆ ಹೊತ್ತಿಗೆ ಓಡುತ್ತಿದ್ದದ್ದು: ಬೋರ್ ಮೋಟಾರ್ 7.5, ಸಂಪಿನಿಂದ ಟ್ಯಾಂಕಿಗೆ ಹತ್ತಿಸೋ ಪಂಪು 3.7, ಎಸ್‌ಟಿಪಿಗೆ ಗಾಳಿ ಊದೋ ಬ್ಲೋವರ್ 3.7, ಆರು ಕಾರು ಚಾರ್ಜಿಗೆ ನಿಂತಿದ್ದವು 20, ಉಳಿದದ್ದು ಲಿಫ್ಟು, ದೀಪ. ಮಧ್ಯಾಹ್ನ 1 ಗಂಟೆಗೆ? ಬರೀ 6 ಕಿಲೋವ್ಯಾಟ್. ಸೋಲಾರ್ ಎಲ್ಲಾ ಆಚೆ ಹೋಗುತ್ತಿತ್ತು.

ಬೋರ್ ಯಾಕೆ ಸರಿಯಾಗಿ ಸಂಜೆ 6.30ಕ್ಕೇ ಶುರು ಆಗುತ್ತದೆ? ಟೈಮರ್ ಇರಬಹುದು ಅಂದುಕೊಂಡಿದ್ದೆ. ಇಲ್ಲ. 6ಕ್ಕೆ ಸೆಕ್ಯುರಿಟಿ ಪಾಳಿ ಬದಲಾಗುತ್ತದೆ. ರಾತ್ರಿ ಪಾಳಿಯವರು ಬಂದು ಚಪ್ಪಲಿ ಬಿಟ್ಟು, ಟಿಫಿನ್ ಡಬ್ಬಿ ಗೂಡಿನಲ್ಲಿಟ್ಟು, ದೇವರ ಫೋಟೋಗೆ ಕೈ ಮುಗಿದು, ನೇರ ಪಂಪ್ ರೂಮಿಗೆ ಹೋಗಿ ಹಸಿರು ಬಟನ್ ಒತ್ತುತ್ತಾರೆ. ಯಾರು ಹೇಳಿದ್ದು ಅಂತ ಕೇಳಿದೆ. "ಹಿಂದಿನವರು ಹೇಳಿಕೊಟ್ಟರು ಸರ್" ಅಂದರು. ಅವರಿಗೆ? ಅವರ ಹಿಂದಿನವರು. ಆರು ವರ್ಷದಿಂದ ನಮ್ಮ ಪೀಕ್ ಲೋಡ್ ನಿರ್ಧಾರ ಆಗುತ್ತಿದ್ದದ್ದು ಹೀಗೆ.

ಹಳೇ_ಮೀಟರ್

ಹಾಹಾ. ಇಡೀ ರಾಜ್ಯದ್ದೂ ಇದೇ ಕಥೆ.

ನಿಮ್ಮ ಹತ್ತಿರ ಈಗಾಗಲೇ ಬ್ಯಾಟರಿ ಇದೆ, ಅದಕ್ಕೆ ಸಂಪು ಅಂತ ಹೆಸರು. ಲೆಕ್ಕ ಹೇಳುತ್ತೇನೆ. ಸಾವಿರ ಲೀಟರ್ ನೀರನ್ನು 30 ಮೀಟರ್ ಎತ್ತೋಕೆ ಭೌತಶಾಸ್ತ್ರದ ಪ್ರಕಾರ 0.08 ಯೂನಿಟ್ ಸಾಕು. ನಮ್ಮ ಪಂಪುಗಳ ಯೋಗ್ಯತೆಗೆ ಅದು 0.18 ಆಗುತ್ತದೆ. ನಿಮಗೆ ದಿನಕ್ಕೆ 45 ಸಾವಿರ ಲೀಟರ್ ಬೇಕು ಅಂದ್ರೆ 8 ಯೂನಿಟ್. ಇದು ಪುಡಿಗಾಸು. ಆದರೆ ಬೋರ್? 220 ಮೀಟರ್ ಆಳದಿಂದ ಎತ್ತುವಾಗ ಸಾವಿರ ಲೀಟರ್‌ಗೆ 1.4 ಯೂನಿಟ್ ಹತ್ತಿರ. 25 ಸಾವಿರ ಲೀಟರ್ ಎತ್ತಿದರೆ 35 ಯೂನಿಟ್. ಎರಡೂ ಸೇರಿ 43. ಇಷ್ಟನ್ನೂ 10ರಿಂದ 3ರೊಳಗೆ ಮುಗಿಸಿ ಸಂಪು, ಟ್ಯಾಂಕು ತುಂಬಿಸಿಟ್ಟುಕೊಂಡರೆ ಆಯ್ತು. ರಾತ್ರಿಗೆ ಬೇಕಾದ ಕೆಲಸ ಮಧ್ಯಾಹ್ನವೇ ಆಗಿ ಮೇಲೆ ಕೂತಿರುತ್ತದೆ. ಸಂಪು ದೊಡ್ಡದಿದ್ದಷ್ಟು ಒಳ್ಳೆಯದು. ಒಂದು ಎಚ್ಚರಿಕೆ: ಬೆಂಕಿ ಆರಿಸೋಕೆ ಇಟ್ಟಿರೋ ಟ್ಯಾಂಕಿನ ನೀರು ಈ ಲೆಕ್ಕಕ್ಕೆ ಸೇರಿಸಬೇಡಿ.

ಅಂದ ಹಾಗೆ, ಕಾವೇರಿ ನೀರು ಬರುತ್ತದಲ್ಲ, ಅದೂ ಕರೆಂಟೇ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಅಂತ ಮೂರು ಮೆಟ್ಟಿಲಲ್ಲಿ ಸುಮಾರು 500 ಮೀಟರ್ ಮೇಲಕ್ಕೆ ತಳ್ಳಿ ಊರಿಗೆ ತರುತ್ತಾರೆ. ನಲ್ಲಿ ಸೋರುತ್ತಿದ್ದರೆ ಮೀಟರ್ ಓಡುತ್ತಿದೆ ಅಂತಲೇ ಅರ್ಥ.

ಬಿಲ್_ನೋಡಿ_ಬೆವರಿದವ

ಸರ್, ಎಲ್ಲಾ ಸರಿ. ಆದರೆ ನನ್ನ ಮೊದಲನೇ ಮಾತು ಮರೆಯಬೇಡಿ. ನೆಟ್ ಮೀಟರ್ ಇದ್ದರೆ ಪಂಪು ಮಧ್ಯಾಹ್ನ ಓಡಲಿ, ರಾತ್ರಿ ಓಡಲಿ, ಬಿಲ್ ಒಂದೇ. ಈ 43 ಯೂನಿಟ್ ಜರುಗಿಸಿದ್ದಕ್ಕೆ ಸಂಘಕ್ಕೆ ಎಷ್ಟು ಲಾಭ? ಸೊನ್ನೆ.

ಹಳೇ_ಮೀಟರ್

ಯೂನಿಟ್ ಲೆಕ್ಕದಲ್ಲಿ ಸೊನ್ನೆ, ಒಪ್ಪಿದೆ. ಕಿಲೋವ್ಯಾಟ್ ಲೆಕ್ಕದಲ್ಲಿ ನೋಡಿ. 44ರಿಂದ 11 ತೆಗೆದರೆ 33. ನಾಳೆ ಇನ್ನು ಆರು ಜನ ಕಾರು ತರುತ್ತಾರೆ, ಆಗ ಮತ್ತೆ 20 ಸೇರುತ್ತದೆ. ಈಗಿನ 44ಕ್ಕೆ ಸೇರಿಸಿದರೆ 64. ಮಂಜೂರಾದ 50 ದಾಟಿದಿರಿ. ಲೋಡ್ ಹೆಚ್ಚಿಸಿ ಅಂತ ಅರ್ಜಿ, ಠೇವಣಿ, ದೊಡ್ಡ ಕೇಬಲ್, ನಸೀಬು ಕೆಟ್ಟರೆ ಟ್ರಾನ್ಸ್‌ಫಾರ್ಮರ್. ಮೇಲೆ ಪ್ರತಿ ಕಿಲೋವ್ಯಾಟ್‌ಗೂ ತಿಂಗಳಿಗೆ ನೂರು ರೂಪಾಯಿ ಮೇಲೆ ನಿಗದಿತ ಶುಲ್ಕ, ಬಳಸಲಿ ಬಿಡಲಿ.

ಇನ್ನೊಂದು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಮಾಡಿತು. ಸ್ಮಾರ್ಟ್ ಮೀಟರ್ ಬಂದ ಮೇಲೆ ಬಿಸಿಲು ಹೊತ್ತಿನ ದರ ಕಡಿಮೆ, ಪೀಕ್ ಹೊತ್ತಿನ ದರ ಜಾಸ್ತಿ ಇರಬೇಕು ಅಂತ. ವಾಣಿಜ್ಯ, ಕೈಗಾರಿಕೆಗೆ ಪೀಕ್‌ನಲ್ಲಿ ಕನಿಷ್ಠ 1.2 ಪಟ್ಟು, ರೈತರನ್ನು ಬಿಟ್ಟು ಉಳಿದವರಿಗೆ ಕನಿಷ್ಠ 1.1 ಪಟ್ಟು. ನಿಮ್ಮ ಬಿಲ್‌ಗೆ ಅದು ಬಂದ ದಿನ "ಮಧ್ಯಾಹ್ನವೂ ಒಂದೇ, ರಾತ್ರಿಯೂ ಒಂದೇ" ಅನ್ನೋ ನಿಮ್ಮ ಮಾತು ನಿಲ್ಲೋದಿಲ್ಲ.

ಸ್ಯಾನ್‌ಹೋಸೆ_ಸಾಂಬಾರ್

ಅದು ಬಂದರೆ ಏನಾಗುತ್ತದೆ ಅಂತ ನಾವು ಕ್ಯಾಲಿಫೋರ್ನಿಯಾದಲ್ಲಿ ಕಂಡಿದ್ದೇವೆ. 2023ರ ಏಪ್ರಿಲ್ ಮಧ್ಯದವರೆಗೆ ಅರ್ಜಿ ಹಾಕಿದವರಿಗೆ ಹಳೇ ನೆಟ್ ಮೀಟರ್. ಆಮೇಲೆ ಹಾಕಿದವರಿಗೆ ಆಚೆ ಕೊಟ್ಟ ಯೂನಿಟ್‌ಗೆ ಸಿಗೋದು ಹಳೇದರ ಕಾಲು ಭಾಗದಷ್ಟು. ಸಂಜೆ 4ರಿಂದ 9ರವರೆಗೆ ತಗೊಂಡರೆ ದುಬಾರಿ ದರ. ನಾನು ಹೊಸ ಗುಂಪಿನವನು, ನನ್ನ ಬಾವ ಹಳೇ ಗುಂಪಿನವರು. ಯುಗಾದಿಗೆ ಸೇರಿದಾಗ ಅವರು ಬಿಲ್ ತೋರಿಸಿ ನಗುತ್ತಾರೆ.

ಆಗಿನಿಂದ ಇಲ್ಲಿ ಸೋಲಾರ್ ಹಾಕಿಸೋರು ಬ್ಯಾಟರಿ ಜೊತೆಗೇ ಹಾಕಿಸುತ್ತಾರೆ. ನನ್ನ ಮನೆಯಲ್ಲಿ ಬಟ್ಟೆ ಒಗೆಯೋದು, ಪಾತ್ರೆ ಯಂತ್ರ, ನೀರು ಕಾಯಿಸೋದು ಎಲ್ಲಾ ಮಧ್ಯಾಹ್ನವೇ. 4 ಗಂಟೆ ಆದ ಮೇಲೆ ಅಮ್ಮ ಮಿಕ್ಸಿ ಹಾಕಿದರೂ ನನ್ನ ಮಗ "ಅಜ್ಜಿ ಪೀಕ್!" ಅಂತ ಕೂಗುತ್ತಾನೆ. ಮಿಕ್ಸಿಯಿಂದ ಏನೂ ಆಗಲ್ಲ ಅಂತ ಅವನಿಗೆ ಹೇಳಿ ಸಾಕಾಗಿದೆ.

ನನ್ನ ಸಲಹೆ: ಹೈಬ್ರಿಡ್ ಇನ್ವರ್ಟರ್ ತಗೊಳ್ಳುವಾಗ ಬ್ಯಾಟರಿ ಆಮೇಲೆ ಸೇರಿಸೋಕೆ ಬರುತ್ತದಾ ಅಂತ ಕೇಳಿ. ಮೊದಲು ಸಣ್ಣದು, ದರ ಬದಲಾದ ಮೇಲೆ ದೊಡ್ಡದು.

ಎಸ್‌ಟಿಪಿ_ಮೂಗು

ಪಂಪಿನ ವಿಷಯ ಆಯ್ತು, ಬ್ಲೋವರ್ ತಂಟೆಗೆ ಹೋಗಬೇಡಿ ಅಂತ ಹೇಳೋಕೆ ಬಂದೆ. ನಾನು ಮೂರು ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ ನೋಡಿಕೊಳ್ಳುತ್ತೇನೆ. ಒಂದು ಕಡೆ ಸಂಘದವರು ಕರೆಂಟ್ ಉಳಿಸೋಣ ಅಂತ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬ್ಲೋವರ್ ಪೂರ್ತಿ ನಿಲ್ಲಿಸಿಬಿಟ್ಟರು. ನಾಲ್ಕನೇ ದಿನ ಟ್ಯಾಂಕಿನ ನೀರು ಕಂದು ಹೋಗಿ ಕಪ್ಪಾಯ್ತು. ಐದನೇ ದಿನ ಕೊಳೆತ ಮೊಟ್ಟೆ ವಾಸನೆ ಮೂರನೇ ಮಹಡಿಗೆ ಹತ್ತಿತು. ಅದರೊಳಗೆ ಇರೋದು ಜೀವ ಇರೋ ಬ್ಯಾಕ್ಟೀರಿಯಾ, ಅವಕ್ಕೆ ಉಸಿರು ಬೇಕು. ಮತ್ತೆ ಬೆಳೆಸೋಕೆ ಬೇರೆ ಕಡೆಯಿಂದ ಒಳ್ಳೆ ಸ್ಲಡ್ಜ್ (ಬ್ಯಾಕ್ಟೀರಿಯಾ ಇರೋ ಕೆಸರು) ತಂದು ಸುರಿದು ಮೂರು ವಾರ ಆಯ್ತು.

ಗಂಟೆ ಒಂದೂವರೆ ಗಂಟೆ ನಿಲ್ಲಿಸಬಹುದು, ತೊಂದರೆ ಇಲ್ಲ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಬ್ಲೋವರ್ ಓಡಿಸಬೇಕಿಲ್ಲ. ಮೂರು ಗಂಟೆ ದಾಟಿದರೆ ಜನರೇಟರ್ ಹಾಕಿ. ಅದನ್ನ ಮಾರಬೇಡಿ.

ಇವಿ_ಇಡ್ಲಿ

ನನ್ನ ಕಾರೂ ಇಂಥ ಆರರಲ್ಲಿ ಒಂದು ಅಂದುಕೊಳ್ಳಿ (ಬೇರೆ ಅಪಾರ್ಟ್‌ಮೆಂಟ್). ಎಲ್ಲರೂ ಮಧ್ಯಾಹ್ನ ಚಾರ್ಜ್ ಮಾಡಿ ಅಂತಾರೆ. ಮಧ್ಯಾಹ್ನ ಕಾರು ಆಫೀಸಿನಲ್ಲಿ ಇರುತ್ತದೆ ಸ್ವಾಮಿ! ಸೋಲಾರ್ ಇಲ್ಲಿ, ಕಾರು ವೈಟ್‌ಫೀಲ್ಡಿನಲ್ಲಿ.

ನಾವು ಮಾಡಿದ್ದು ಇಷ್ಟು. ದಿನಾ ಓಡಾಡೋದು 40 ಕಿಲೋಮೀಟರ್, ಅದಕ್ಕೆ ಬೇಕಾಗಿರೋದು ಆರೇಳು ಯೂನಿಟ್, ಅಂದ್ರೆ 3.3 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಎರಡು ಗಂಟೆ. ಬೆಳಿಗ್ಗೆ 8ರವರೆಗೆ ಕಾರು ಸುಮ್ನೆ ನಿಂತಿರುತ್ತದೆ. ಹಾಗಿರುವಾಗ ಸಂಜೆ 7 ಗಂಟೆಗೇ ಶುರು ಮಾಡೋ ಗಡಿಬಿಡಿ ಯಾಕೆ? ಕಾರಿನ ಸೆಟ್ಟಿಂಗ್‌ನಲ್ಲೇ ಹೊತ್ತು ಇಡಬಹುದು. ಅರ್ಧ ಜನಕ್ಕೆ ರಾತ್ರಿ 10.30ರಿಂದ, ಇನ್ನರ್ಧಕ್ಕೆ 1.30ರಿಂದ. ಸಂಡೆ ಮಾತ್ರ ಮಧ್ಯಾಹ್ನ, ಸೋಲಾರ್‌ನಲ್ಲಿ. ತುರ್ತು ಇದ್ದವರು ವಾಟ್ಸಾಪ್‌ನಲ್ಲಿ ಹೇಳಿ ಹಾಕಿಕೊಳ್ಳುತ್ತಾರೆ. ಮೊದಲ ತಿಂಗಳು ಜಗಳ, ಆಮೇಲೆ ಅಭ್ಯಾಸ ಆಯ್ತು.

ಬಚ್ಚಲೊಲೆ

ಮಕ್ಕಳೇ, ನಾನು ಎಪ್ಪತ್ತರ ಹತ್ತಿರದವಳು, ನನ್ನದೂ ಒಂದು ಮಾತು. ನಮ್ಮ ತವರಿನಲ್ಲಿ ಬಚ್ಚಲಿಗೆ ತಾಮ್ರದ ಹಂಡೆ ಹೂತಿತ್ತು. ಸಂಜೆ ಅಡಿಗೆ ಮುಗಿದ ಮೇಲೆ ಉಳಿದ ಕೆಂಡ, ತೆಂಗಿನ ಮಟ್ಟೆ ಎಲ್ಲಾ ಅದರ ಕೆಳಗೆ ತಳ್ಳಿ ಬೂದಿ ಮುಚ್ಚುತ್ತಿದ್ದರು. ಬೆಳಿಗ್ಗೆ 5ಕ್ಕೆ ನೀರು ಸುಡುತ್ತಿತ್ತು. ಅದೂ ಕೂಡಿಟ್ಟ ಶಾಖವೇ ಅಲ್ವಾ?

ನೀವು ಬರೀ ಕಾಮನ್ ಮೀಟರ್ ಮಾತಾಡುತ್ತಿದ್ದೀರಿ. ಬೆಳಿಗ್ಗೆ 6ರಿಂದ 8ಕ್ಕೆ 84 ಮನೆ ಗೀಸರ್ ಯಾರ ಲೆಕ್ಕ? ಒಂದು ಮನೆಗೆ ನೂರು ಲೀಟರ್ ಬಿಸಿನೀರು ಅಂದ್ರೆ ಮೂರು ಯೂನಿಟ್ ಅಂತ ಮೊಮ್ಮಗ ಲೆಕ್ಕ ಹಾಕಿ ಹೇಳಿದ. 84 ಮನೆಗೆ 250. ನಿಮ್ಮ ಬ್ಯಾಟರಿ ಅದರ ಮುಂದೆ ಏನು? ಸೋಲಾರ್ ವಾಟರ್ ಹೀಟರ್ ಹಾಕಿದ್ದೀರೋ ಇಲ್ಲವೋ? ಬೆಂಗಳೂರಿನಲ್ಲಿ ಎಲ್ಲರ ತಾರಸಿ ಮೇಲೂ ಇರುತ್ತದಲ್ಲ, ಬಿಲ್‌ನಲ್ಲಿ 50 ರೂಪಾಯಿವರೆಗೆ ರಿಯಾಯಿತಿ ಕೂಡ ಕೊಡುತ್ತಿದ್ದರು.

ಸಂಪಿನ_ಕಾವಲು

ಅಮ್ಮಾ, ಹೀಟರ್ ಇದೆ. ಮೇಲಿನ ಎರಡು ಮಹಡಿಗೆ ಮಾತ್ರ. ಕೆಳಗಿನ ಮಹಡಿಗೆ ಬರೋ ಹೊತ್ತಿಗೆ ಪೈಪಿನಲ್ಲೇ ತಣ್ಣಗಾಗುತ್ತದೆ, ಅರ್ಧ ಬಕೆಟ್ ತಣ್ಣೀರು ಸುರಿದ ಮೇಲೆ ಬಿಸಿ ಬರುತ್ತದೆ ಅಂತ ಬಿಲ್ಡರ್ ಕೊಡಲೇ ಇಲ್ಲ. ಈಗ ಕೊಡಬೇಕು ಅಂದ್ರೆ ಜಾಗ ಇಲ್ಲ, ಪ್ಯಾನಲ್ ಕೂತಿದೆ. ಒಂದು ಕಿಲೋವ್ಯಾಟ್‌ಗೆ ನೂರು ಚದರಡಿ ಹಿಡಿಯುತ್ತದೆ. ಮತ್ತೆ ಮನೆಯೊಳಗಿನ ಮೀಟರ್ ಬಗ್ಗೆ ನಾನು ಬಾಯಿ ಬಿಡೋ ಹಾಗಿಲ್ಲ. ಅರ್ಧ ಜನ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ತಗೊಳ್ಳುತ್ತಾರೆ. ಅವರಿಗೆ "ಗೀಸರ್ ಆಮೇಲೆ ಹಾಕಿ" ಅಂತ ಹೇಳಿದರೆ ನನ್ನನ್ನೇ ಆಮೇಲೆ ಬಾ ಅಂತಾರೆ.

ಹಳೇ_ಮೀಟರ್

ಮನೆಯೊಳಗಿನ ಮಾತು ಬಂತಲ್ಲ, ಒಂದು ಕೇಳುತ್ತೇನೆ. ಎಷ್ಟು ಮನೆಯಲ್ಲಿ ಯುಪಿಎಸ್ ಇದೆ?

ಸಂಪಿನ_ಕಾವಲು

ವಾಟ್ಸಾಪ್‌ನಲ್ಲಿ ಕೇಳಿದೆ. 60 ಮನೆ. ಹೆಚ್ಚಿನವರದ್ದು 150 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿ.

ಹಳೇ_ಮೀಟರ್

12 ವೋಲ್ಟ್ ಗುಣಿಸು 150, 1.8 ಯೂನಿಟ್. ಗುಣಿಸು 60. 108 ಯೂನಿಟ್. ನಿಮ್ಮ ಕಂಪನಿಯವರು 22 ಲಕ್ಷಕ್ಕೆ ಮಾರೋಕೆ ಬಂದ ಬ್ಯಾಟರಿಗಿಂತ ದೊಡ್ಡದು ನಿಮ್ಮ ಬಾಲ್ಕನಿಗಳಲ್ಲಿ, ಮೆಟ್ಟಿಲ ಕೆಳಗೆ ಈಗಾಗಲೇ ಚದುರಿ ಕೂತಿದೆ. ಲೆಡ್ ಆಸಿಡ್ ಆದ್ದರಿಂದ ಅರ್ಧ ಮಾತ್ರ ಬಳಸೋದು ಒಳ್ಳೆಯದು, ಆದರೂ ಇದೆ. ಆ ಮನೆಗಳಿಗೆ ನೀವು ಬ್ಯಾಕಪ್ ಕೊಡಬೇಕಿಲ್ಲ. ಲಿಫ್ಟು, ಮೆಟ್ಟಿಲ ದೀಪ, ಗೇಟು. ಅಷ್ಟೇ ನಿಮ್ಮ ಜವಾಬ್ದಾರಿ.

ಮತ್ತೆ ಇದನ್ನೂ ಗಮನಿಸಿ. ಒಂದು ಗಂಟೆ ಹೋಗಿ ಕರೆಂಟ್ ಬಂದ ಕ್ಷಣ 60 ಯುಪಿಎಸ್ ಒಟ್ಟಿಗೆ ಚಾರ್ಜಿಗೆ ನಿಲ್ಲುತ್ತವೆ. ಒಂದೊಂದು 200 ವ್ಯಾಟ್ ಎಳೆದರೂ 12 ಕಿಲೋವ್ಯಾಟ್. ಜೊತೆಗೆ ಫ್ರಿಜ್‌ಗಳು, ಟ್ಯಾಂಕು ಖಾಲಿ ಅಂತ ಪಂಪು. "ಬಂದ ಕರೆಂಟ್ ಮತ್ತೆ ಹೋಯ್ತು" ಅಂತ ನೀವು ಬೈಯೋದು ಇದಕ್ಕೇ. ಕಾಮನ್ ಪಂಪಿನ ಸ್ಟಾರ್ಟರ್‌ಗೆ ಹತ್ತು ನಿಮಿಷ ತಡೆದು ಶುರುವಾಗೋ ರಿಲೇ ಹಾಕಿಸಿ. ನಾವು ಲೈನಿನಲ್ಲಿದ್ದಾಗ ಎಲ್ಲರಿಗೂ ಹೇಳುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ.

ಬಿಲ್_ನೋಡಿ_ಬೆವರಿದವ

ಹಾಗಾದ್ರೆ ಬ್ಯಾಟರಿ ಅಳತೆ ಈಗ ಮಾಡೋಣ. ಜನರೇಟರ್ ಮೇಲೆ ನಿಮ್ಮ ಲೋಡ್ 12 ಕಿಲೋವ್ಯಾಟ್ ಇತ್ತು (744 ಯೂನಿಟ್, 62 ಗಂಟೆ). ಅದರಲ್ಲಿ ಪಂಪು, ಬ್ಲೋವರ್ ತೆಗೀರಿ. ಬ್ಲಾಕಿಗೆ ಒಂದೇ ಲಿಫ್ಟ್ ಬಿಡಿ. ಸರಾಸರಿ 4.5 ಉಳಿಯುತ್ತದೆ. ನಿಮ್ಮ ಅತಿ ಕೆಟ್ಟ ದಿನ 3 ಗಂಟೆ 20 ನಿಮಿಷ. 15 ಯೂನಿಟ್ ಆಯ್ತು. ನೂರಕ್ಕೆ 80 ಮಾತ್ರ ಬಳಸೋದು ಅಂತ ಇಟ್ಟುಕೊಂಡರೆ 25 ಯೂನಿಟ್ ಬ್ಯಾಟರಿ ಧಾರಾಳ. 100 ಅಲ್ಲ, 25.

ಆರು ಲಕ್ಷದ ಆಸುಪಾಸಿನಲ್ಲಿ ಬಂದರೆ ಹತ್ತು ವರ್ಷಕ್ಕೆ ಹಂಚಿ ವರ್ಷಕ್ಕೆ 60 ಸಾವಿರ. ಡೀಸೆಲ್ ಈಗ 90 ಸಾವಿರ. ಇದಕ್ಕೆ ನಾನೂ ಕೈ ಎತ್ತುತ್ತೇನೆ. ಕೈ ಮಾತ್ರ, ಕಾಫಿ ತರೋಕೆ ಏಳಲ್ಲ.

ಹಳೇ_ಮೀಟರ್

ಇನ್ವರ್ಟರ್ ಮಾತ್ರ 15 ಕಿಲೋವ್ಯಾಟ್, ಮೂರು ಫೇಸ್ ಇರಲಿ. ಲಿಫ್ಟ್ ಹೊರಡುವಾಗ ಒಮ್ಮೆಗೆ ಜಗ್ಗುತ್ತದೆ. ಯೂನಿಟ್ ಕಡಿಮೆ, ಎಳೆತ ಜಾಸ್ತಿ. ಇದನ್ನ ಮರೆತು ಸಣ್ಣ ಇನ್ವರ್ಟರ್ ಹಾಕಿಸಿದವರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ. ಬ್ಯಾಟರಿ ಎಲ್ಲಿ ಇಡುತ್ತೀರಿ?

ಸಂಪಿನ_ಕಾವಲು

ಬೇಸ್‌ಮೆಂಟಿನಲ್ಲಿ ಜಾಗ ಇದೆ ಅಂದಿದ್ದಾರೆ.

ಎಸ್‌ಟಿಪಿ_ಮೂಗು

2022ರ ಸೆಪ್ಟೆಂಬರ್ ಮಳೆ ಮರೆತಿರಾ? ನಾನು ನೋಡಿಕೊಳ್ಳೋ ಒಂದು ಬೇಸ್‌ಮೆಂಟಿನಲ್ಲಿ ಎದೆಮಟ್ಟ ನೀರು. ಎಸ್‌ಟಿಪಿ ಪ್ಯಾನಲ್ ಮುಳುಗಿತ್ತು, ಕಾರುಗಳು ತೇಲುತ್ತಿದ್ದವು. ಬ್ಯಾಟರಿ ಅಲ್ಲಿ ಬೇಡವೇ ಬೇಡ.

ಹಳೇ_ಮೀಟರ್

ಟೆರೇಸಿನ ತಗಡಿನ ಶೆಡ್ಡೂ ಬೇಡ, ಬೇಸಿಗೆಯಲ್ಲಿ ಬೆಂದು ಹೋಗುತ್ತದೆ. ಶಾಖಕ್ಕೆ ಬ್ಯಾಟರಿ ಆಯಸ್ಸು ಕರಗುತ್ತದೆ. ನೆಲಮಹಡಿಯಲ್ಲಿ, ಗಾಳಿ ಆಡೋ ಕಡೆ, ಎರಡಡಿ ಕಟ್ಟೆ ಮೇಲೆ, ಮೆಟ್ಟಿಲಿಗೆ ಅಂಟಿಕೊಳ್ಳದ ಹಾಗೆ. ಎಲ್‌ಎಫ್‌ಪಿ ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ. ಬೇರೆ ಲಿಥಿಯಂಗಿಂತ ಬೆಂಕಿ ಭಯ ಕಡಿಮೆ. ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ.

ಸಂಪಿನ_ಕಾವಲು (ಐದು ವಾರ ಆದ ಮೇಲೆ)

ಎಲ್ಲಿಗೆ ಬಂತು ಅಂತ ಮೂವರು ಮೆಸೇಜ್ ಮಾಡಿ ಕೇಳಿದ್ದೀರಿ.

ಬೋರ್‌ಗೆ, ಪಂಪಿಗೆ ಟೈಮರ್ ಹಾಕಿಸಿದೆವು. 1,800 ರೂಪಾಯಿ, ಎಲೆಕ್ಟ್ರಿಷಿಯನ್ ಕೂಲಿ ಬೇರೆ. ಹಸಿರು ಬಟನ್ ಮೇಲೆ ಟೇಪ್ ಅಂಟಿಸಿದ್ದೇವೆ. ಆದರೂ ಮೊದಲ ವಾರ ರಾತ್ರಿ ಪಾಳಿಯವರು ಅಭ್ಯಾಸಬಲದಿಂದ ಹೋಗಿ ಟೇಪ್ ನೋಡಿ ವಾಪಸ್ ಬರುತ್ತಿದ್ದರು. ಟ್ಯಾಂಕು ತುಂಬಿದಾಗ ಪಂಪು ನಿಲ್ಲಿಸೋ ಫ್ಲೋಟ್ ಕೆಟ್ಟಿದ್ದು ಆಗಲೇ ಗೊತ್ತಾಯ್ತು. ಎರಡನೇ ದಿನ ಮಧ್ಯಾಹ್ನ ಟೆರೇಸ್ ತುಂಬಾ ನೀರು. ಪ್ಯಾನಲ್‌ಗಳಂತೂ ಚೆನ್ನಾಗಿ ತೊಳೆದು ಹೋದವು.

ಕಾರಿನವರಲ್ಲಿ ಐವರು ಒಪ್ಪಿದ್ದಾರೆ, ಒಬ್ಬರು ಒಪ್ಪಿಲ್ಲ. ಅವರು ವಕೀಲರು. ಮೀಟರ್‌ನಲ್ಲಿ ಈಗ ಸಂಜೆ ಕಾಣೋ ದೊಡ್ಡ ಅಂಕಿ 17 ಕಿಲೋವ್ಯಾಟ್.

25 ಯೂನಿಟ್ ಬ್ಯಾಟರಿಗೆ ಕೊಟೇಶನ್ ಕೇಳಿದರೆ ಅದೇ ಕಂಪನಿಯವರು ಎರಡು ವಾರ ಫೋನ್ ಎತ್ತಲಿಲ್ಲ. ಬೇರೆ ಇಬ್ಬರಿಂದ ಬಂದಿದೆ, ಒಂದು 6.4 ಲಕ್ಷ, ಒಂದು 7.1. ಮುಂದಿನ ತಿಂಗಳ ಸಭೆಗೆ ಇಡುತ್ತೇನೆ. ಜನರೇಟರ್ ಇರುತ್ತದೆ.

ಈಗ ಹೊಸ ತಕರಾರು. ಪಂಪ್ ರೂಮಿನ ಗೋಡೆಗೆ ಅಂಟಿದ ಬಿ ಬ್ಲಾಕ್ ನೆಲಮಹಡಿ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಊಟ ಆಗಿ ಒಂದೂವರೆಗೆ ಕಣ್ಣು ಹತ್ತುವಾಗ ಪಂಪು ಗುಂಯ್ ಅನ್ನೋಕೆ ಶುರು ಮಾಡುತ್ತದಂತೆ. "ಸೂರ್ಯನಿಗೆ ಬೇಕಾದ ಹೊತ್ತಿಗೆ ಓಡಿಸ್ತೀಯ, ನನಗೆ ಬೇಕಾದ ಹೊತ್ತಿಗೆ ಯಾಕಪ್ಪ ನಿಲ್ಲಿಸಲ್ಲ?" ಅಂದರು. ಪಂಪಿನ ಟೈಮರ್ 11ರಿಂದ 1.15ಕ್ಕೆ ಮಾಡಿದ್ದೇನೆ. ಕಂಪನ ತಡೆಯೋ ರಬ್ಬರ್ ಪ್ಯಾಡ್ ಒಳ್ಳೇದು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ. ಎಸ್‌ಪಿ ರಸ್ತೆಯಲ್ಲಿ ತಂದದ್ದು ಒಂದೇ ವಾರಕ್ಕೆ ಅಪ್ಪಚ್ಚಿ ಆಯ್ತು.